ರಟ್ಟಿನ ಗೋಡೆ, ನಿಜವಾದ ಭಯ

ಪತ್ತೇದಾರಿ ಚಲನಚಿತ್ರವೆಂದರೆ ಮೂಗು ಮುರಿಯುವ ವಿದ್ಯಾವಂತರು ನಮ್ಮಲ್ಲಿ ಬಹುಮಂದಿ. ಅದರಲ್ಲಿಯೂ ಅಲ್ಪ ಹಣದಲ್ಲಿ, ಅಲ್ಪ ದಿನಗಳಲ್ಲಿ, ನಾಲ್ಕಾರು ಜನ ನಟರನ್ನು ಕಟ್ಟಿಕೊಂಡು ತೆಗೆದ ಚಿತ್ರವಾದರೆ ಅದನ್ನು ಕುರಿತು ಮಾತನಾಡುವುದೇ ಅಗೌರವವೆಂದು ಅವರ ಭಾವನೆ. ಇಂಥ ಚಿತ್ರಗಳ ಮೇಲೆ ಅವರು ಹೊರಿಸುವ ದೋಷಗಳಲ್ಲಿ ಮೊದಲನೆಯದು, “ಇದರಲ್ಲಿ ವಾಸ್ತವಿಕತೆಯಿಲ್ಲ” ಎಂಬುದು. ಆಪಾದನೆ ಸುಳ್ಳಲ್ಲ. ಆದರೆ ಅದರಿಂದ ಒಂದು ತೊಡಕಾದ ಪ್ರಶ್ನೆ ಹುಟ್ಟುತ್ತದೆ. ವಾಸ್ತವಿಕತೆಯ ಅಭಾವವೇ ಆನಂದಕ್ಕೆ ಅಡ್ಡಿಯಾಗುವುದಾದರೆ, ಗೋಡೆ ರಟ್ಟಿನದೆಂದು ಎದ್ದು ಕಾಣುತ್ತಿದ್ದರೂ ನಾವು ಕೆಲವು ಚಿತ್ರಗಳನ್ನು ಉಸಿರು ಬಿಗಿಹಿಡಿದು ನೋಡಿದ್ದು ಹೇಗೆ? ಅದು ಅಡ್ಡಿಯಲ್ಲವೆನ್ನುವುದಾದರೆ, ಬೇರೆ ಕೆಲವು ಚಿತ್ರಗಳಲ್ಲಿ ನಾಯಕಿ ಪ್ರಾಣಭಯದಿಂದ ಓಡುತ್ತಿರುವಾಗ ಸಭೆಗೆ ಸಭೆಯೇ ಗೊಳ್ಳೆಂದು ನಕ್ಕುಬಿಡುವುದು ಏತಕ್ಕೆ? ಈ ಎರಡು ಅನುಭವಗಳೂ ನಿಜವಾದುದರಿಂದ, ವಾಸ್ತವಿಕತೆ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ಒಂದೇ ವಸ್ತುವಲ್ಲವೆಂದು ಊಹಿಸಬೇಕಾಗುತ್ತದೆ.

ನನ್ನ ಬಾಲ್ಯ ಕಳೆದುದು ನಂಜನಗೂಡಿನಲ್ಲಿ. ಅಧ್ಯಾಪಕನಾಗಿ ನಾನು ಹೆಚ್ಚು ವರ್ಷ ಇದ್ದುದು ತಿರುಮಕೂಡಲು ನರಸೀಪುರದಲ್ಲಿ. ಮೊದಲನೆಯ ಊರಿನ ಸ್ನಾನಘಟ್ಟವನ್ನು ತೊಳೆದ ಕಪಿಲೆಯೇ ಎರಡನೆಯ ಊರಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. 1970ರ ದಶಕದಲ್ಲಿ ಈ ಭಾಗದ ಜನರಿಗೆ ಸಿನಿಮಾ ಎಂದರೆ ಬಹುಮಟ್ಟಿಗೆ ಟೆಂಟು. ಸಂಜೆ ಧ್ವನಿವರ್ಧಕದಲ್ಲಿ ದೇವರ ಹಾಡು ಕೇಳಿಸಿದರೆ ಟಿಕೆಟ್ಟು ಕೊಡುತ್ತಾರೆಂದು ಅರ್ಥ. ನೆಲ, ಬೆಂಚು, ಕುರ್ಚಿ ಎಂದು ಮೂರು ವರ್ಗ. ಊರೂರು ಸುತ್ತಿ ಸವೆದು ಗೆರೆ ಬಿದ್ದ ಪ್ರಿಂಟು, ರೀಲು ಬದಲಾಯಿಸುವಾಗಲೆಲ್ಲ ಬೆಳಕು. ಚಿತ್ರದ ಮಾಯೆ ಕವಿಯಲು ಇದಕ್ಕಿಂತ ಪ್ರತಿಕೂಲವಾದ ಸನ್ನಿವೇಶವನ್ನು ಕಲ್ಪಿಸುವುದು ಕಷ್ಟ. ಆದರೂ ಮಾಯೆ ಕವಿಯುತ್ತಿತ್ತು. ಕವಿಯದಿದ್ದಾಗ ನೆಲದ ಮೇಲೆ ಕುಳಿತವರೇ ಅದನ್ನು ಮೊದಲು ಘೋಷಿಸುತ್ತಿದ್ದರು. “ಅಲ್ಲ ಕಣಪ್ಪ, ಅವನ ಕೈಲಿ ಪಿಸ್ತೂಲು ಐತಲ್ಲ, ಇಷ್ಟು ಹೊತ್ತು ಮಾತಾಡ್ತಾ ನಿಂತವ್ನಲ್ಲ, ಯಾಕೆ?” ಎಂದು ಯಾರೋ ಕತ್ತಲಲ್ಲಿ ಕೇಳುವರು. ವಿಮರ್ಶೆಯ ಪಾಠವನ್ನು ನಾನು ಮಹಾರಾಜರ ನಗರದ ತರಗತಿಗಳಲ್ಲಿ ಕಲಿತದ್ದು ನಿಜ. ಆದರೆ ಆ ಕತ್ತಲಿನ ಪ್ರಶ್ನೆಗಿಂತ ಖಚಿತವಾದ ವಿಮರ್ಶಾವಾಕ್ಯವನ್ನು ಕೇಳಿದ್ದು ಅಪರೂಪ.

ಆ ಪ್ರೇಕ್ಷಕ ಗೋಡೆ ರಟ್ಟಿನದೆಂದು ದೂರಲಿಲ್ಲ. ಪಿಸ್ತೂಲು ಮರದ್ದೆಂದೂ ದೂರಲಿಲ್ಲ. ಪಿಸ್ತೂಲು ಹಿಡಿದ ಮನುಷ್ಯ ಮನುಷ್ಯನಂತೆ ನಡೆದುಕೊಳ್ಳಲಿಲ್ಲವೆಂಬುದು ಅವನ ದೂರು. ಇಲ್ಲಿಂದ ಹೊರಟರೆ ಅವಾಸ್ತವಿಕತೆಯಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ಸಾಧನಗಳ ಬಡತನದಿಂದ ಬರುವ ಅವಾಸ್ತವಿಕತೆ. ಎರಡನೆಯದು ಕಥೆಯ ಮೂಲಕಲ್ಪನೆಯಲ್ಲಿಯೇ ಇರುವ ಅಸಾಧ್ಯತೆ. ಮೂರನೆಯದು, ಪಾತ್ರಗಳ ನಡತೆಯಲ್ಲಿಯೂ ಘಟನೆಗಳ ಸಂಬಂಧದಲ್ಲಿಯೂ ತೋರುವ ಅಸಂಬದ್ಧತೆ. ನಮ್ಮ ಆನಂದಕ್ಕೆ ಇವು ಮೂರೂ ಒಂದೇ ರೀತಿಯಾಗಿ ತೊಂದರೆ ಕೊಡುವುದಿಲ್ಲ.

ಸಾಧನಗಳ ಬಡತನವನ್ನು ಮೊದಲು ನೋಡೋಣ. ಕಚ್ಚಾ ಫಿಲ್ಮಿಗೆ ಅಡಿಯ ಲೆಕ್ಕದಲ್ಲಿ ಹಣ ತೆರಬೇಕಾಗಿದ್ದ ಕಾಲದಲ್ಲಿ ಬಡ ನಿರ್ಮಾಪಕ ಒಂದು ದೃಶ್ಯವನ್ನು ಮತ್ತೆ ಮತ್ತೆ ಚಿತ್ರಿಸುವಂತಿರಲಿಲ್ಲ. ನಟ ತಡವರಿಸಿದರೂ ಅದೇ ಉಳಿಯುತ್ತಿತ್ತು. ರಾತ್ರಿಯ ಚಿತ್ರೀಕರಣಕ್ಕೆ ದೊಡ್ಡ ದೀಪಗಳು ಬೇಕು. ಅವುಗಳ ಬಾಡಿಗೆ ತೆರಲಾರದವನು ಹಗಲಿನಲ್ಲಿಯೇ ಚಿತ್ರಿಸಿ, ಬೆಳಕನ್ನು ತಗ್ಗಿಸಿ ರಾತ್ರಿಯೆಂದು ತೋರಿಸುತ್ತಿದ್ದ. ಮರದ ಬುಡದಲ್ಲಿ ಕತ್ತರಿಸಿದಂತೆ ಬಿದ್ದ ನೆರಳು ಮಾತ್ರ ಗುಟ್ಟನ್ನು ಹೊರಹಾಕುತ್ತಿತ್ತು. ಒಂದೇ ಕೋಣೆ ಪರದೆ ಬದಲಾಯಿಸಿಕೊಂಡು ಖಳನಾಯಕನ ಅಡಗುದಾಣವೂ ಪೊಲೀಸು ಠಾಣೆಯೂ ಆಗುತ್ತಿತ್ತು. ಇವೆಲ್ಲ ಕಣ್ಣಿಗೆ ಕಾಣುತ್ತವೆ. ಆದರೆ ಕಂಡ ಮಾತ್ರಕ್ಕೆ ರಸಭಂಗವಾಗಬೇಕೆಂದಿಲ್ಲ.

ಏಕೆ ಆಗುವುದಿಲ್ಲವೆಂಬುದಕ್ಕೆ ನಮ್ಮ ಹಳ್ಳಿಗಳ ಪೌರಾಣಿಕ ನಾಟಕಗಳೇ ಸಾಕ್ಷಿ. ಮೈಸೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಕುರುಕ್ಷೇತ್ರ ನಾಟಕವನ್ನು ಆಡುತ್ತಾರೆ. ದುರ್ಯೋಧನನ ಕಿರೀಟ ರಟ್ಟಿನದು, ಗದೆ ಟೊಳ್ಳು. ಅರಮನೆ ಬಾಡಿಗೆಗೆ ತಂದ ಪರದೆಯ ಮೇಲಿನ ಬಣ್ಣ. ಬೆಳಗಿನ ಜಾವದವರೆಗೂ ಜನ ಅಲುಗದೆ ಕೂರುತ್ತಾರೆ. ಆದರೆ ಅದೇ ದುರ್ಯೋಧನ ಕೈಗಡಿಯಾರ ಬಿಚ್ಚುವುದನ್ನು ಮರೆತು ರಂಗಕ್ಕೆ ಬಂದನೋ, ಸಭೆಯಲ್ಲಿ ನಗು ಏಳುತ್ತದೆ. ಕೈಗಡಿಯಾರ ನಿಜವಾದದ್ದು, ಕಿರೀಟ ಸುಳ್ಳು. ಆದರೂ ನಗಿಸಿದ್ದು ನಿಜವಾದದ್ದೇ. ಭರತನು ಲೋಕಧರ್ಮಿ, ನಾಟ್ಯಧರ್ಮಿ ಎಂದು ವಿಂಗಡಿಸಿದುದರ ತಾತ್ಪರ್ಯ ಇಲ್ಲಿ ಸ್ಪಷ್ಟವಾಗುತ್ತದೆ. ರಂಗ ತನ್ನದೊಂದು ಒಪ್ಪಂದವನ್ನು ಪ್ರೇಕ್ಷಕನೊಡನೆ ಮಾಡಿಕೊಂಡಿರುತ್ತದೆ. ಒಪ್ಪಂದದೊಳಗಿನ ಸುಳ್ಳನ್ನು ಅವನು ಸಂತೋಷದಿಂದ ಕ್ಷಮಿಸುತ್ತಾನೆ. ಒಪ್ಪಂದವನ್ನು ಮುರಿದರೆ ಸತ್ಯವನ್ನೂ ಕ್ಷಮಿಸುವುದಿಲ್ಲ.

ಇನ್ನು ಎರಡನೆಯದು, ಮೂಲಕಲ್ಪನೆಯ ಅಸಾಧ್ಯತೆ. ಈ ವಿಷಯದಲ್ಲಿ ಕಾಶ್ಮೀರದ ಅಭಿನವಗುಪ್ತನು ಸುಮಾರು ಸಾವಿರ ವರ್ಷಗಳ ಹಿಂದೆಯೇ ಬಹು ಸೂಕ್ಷ್ಮವಾಗಿ ಯೋಚಿಸಿದ್ದಾನೆ. ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ಅವನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಮೊಟ್ಟಮೊದಲನೆಯದೇ ಸಂಭಾವನಾವಿರಹ, ಎಂದರೆ ‘ಹೀಗೆ ನಡೆಯಬಹುದು’ ಎಂಬ ಭಾವನೆ ಹುಟ್ಟದಿರುವುದು. ನಂಬಲಾಗದ ವಸ್ತುವಿನಲ್ಲಿ ಮನಸ್ಸು ನೆಲೆ ನಿಲ್ಲಲಾರದು. ನಿಲ್ಲದ ಮನಸ್ಸಿಗೆ ರಸವೆಲ್ಲಿಯದು? ಈ ವಿಘ್ನಕ್ಕೆ ಅವನು ಹೇಳುವ ಪರಿಹಾರಗಳು ಎರಡು. ಲೋಕಸಾಮಾನ್ಯವಾದ ಘಟನೆಗಳನ್ನು ತೋರಿಸಿದರೆ ಪ್ರೇಕ್ಷಕನ ಹೃದಯ ತಾನಾಗಿಯೇ ಅವುಗಳೊಡನೆ ಸಂವಾದಗೊಳ್ಳುತ್ತದೆ. ಲೋಕಕ್ಕೆ ಮೀರಿದ ಕಾರ್ಯಗಳನ್ನು ತೋರಿಸಬೇಕಾದರೆ, ರಾಮನೇ ಮೊದಲಾದ ಪ್ರಖ್ಯಾತ ನಾಮಧೇಯರನ್ನು ಆರಿಸಿಕೊಳ್ಳಬೇಕು. ಏಕೆಂದರೆ ಅವರ ವಿಷಯದಲ್ಲಿ ನಂಬಿಕೆ ತಲೆತಲಾಂತರದಿಂದ ಜನಮನದಲ್ಲಿ ಬೇರು ಬಿಟ್ಟಿರುತ್ತದೆ. ಈ ಚರ್ಚೆಯ ಪರಿಚಯ ಬೇಕಾದವರು 1953ರಲ್ಲಿ ಪ್ರಕಟವಾದ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ನೋಡಬಹುದು. ಗ್ರೀಸಿನ ಅರಿಸ್ಟಾಟಲನೂ ಇದಕ್ಕೆ ಸಮೀಪವಾದ ಮಾತನ್ನು ಆಡಿದ್ದಾನೆ: ನಂಬಲಾಗದ ಸಾಧ್ಯಕ್ಕಿಂತ ನಂಬಿಸುವ ಅಸಾಧ್ಯವೇ ಕವಿಗೆ ಲೇಸು ಎಂದು ಅವನ ಅಭಿಪ್ರಾಯ.

ನಂಬಿಸುವ ಅಸಾಧ್ಯಕ್ಕೆ ಉದಾಹರಣೆ ಹುಡುಕಿ ನರಸೀಪುರ ತಾಲ್ಲೂಕನ್ನು ಬಿಟ್ಟು ಹೋಗಬೇಕಾಗಿಲ್ಲ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಅಲಮೇಲಮ್ಮ ಶಪಿಸಿದಳೆಂಬ ಕಥೆ ಎಲ್ಲರಿಗೂ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಚಾರಿತ್ರಿಕ ಘಟನೆಗೆ ಅದು ಅಂಟಿಕೊಂಡಿದೆ. ಒಬ್ಬ ಹೆಂಗಸಿನ ಬಾಯಿಮಾತಿನಿಂದ ಊರು ಮರಳಾಗುವುದು ಅಸಾಧ್ಯವೆಂದು ತರ್ಕ ಹೇಳುತ್ತದೆ. ಆದರೆ ಆ ಕಥೆಯನ್ನು ಕೇಳಿ ತಲಕಾಡಿಗೆ ಹೋದವನ ಕಾಲ ಕೆಳಗೆ ಮರಳು ಇದೆ. ದೇವಾಲಯಗಳು ಮರಳಿನಲ್ಲಿ ಹುದುಗಿವೆ. ಹೆಸರುಗಳು ಪ್ರಖ್ಯಾತ, ಸ್ಥಳ ಪರಿಚಿತ. ಅದಕ್ಕಿಂತ ಮಿಗಿಲಾಗಿ, ತನ್ನ ಒಡವೆಗಳನ್ನು ಕೇಳಿಕೊಂಡು ಬಂದವರ ಮುಂದೆ ವಿಧವೆಯೊಬ್ಬಳು ಪಟ್ಟ ಸಂಕಟ ಮನುಷ್ಯಸಹಜವಾದದ್ದು. ಅಸಾಧ್ಯವಾದದ್ದು ಒಂದೇ ಒಂದು. ಅದರ ಸುತ್ತ ಇರುವುದೆಲ್ಲ ನಂಬತಕ್ಕದ್ದು. ರೋಮಾಂಚಕ ಕಥೆಯ ರಹಸ್ಯವೂ ಇಷ್ಟೇ.

ಈ ದೃಷ್ಟಿಯಿಂದ ಕನ್ನಡದ ಗುಪ್ತಚರ ಚಿತ್ರಗಳನ್ನು ನೋಡಿದರೆ ಒಂದು ವಿಚಾರ ಹೊಳೆಯುತ್ತದೆ. ಜೇಮ್ಸ್ ಬಾಂಡ್ 1962ರಲ್ಲಿ ‘ಡಾಕ್ಟರ್ ನೋ’ ಚಿತ್ರದೊಡನೆ ಬೆಳ್ಳಿತೆರೆಗೆ ಬಂದ. 1968ರಲ್ಲಿ ದೊರೆ-ಭಗವಾನ್ ಜೋಡಿ ‘ಜೇಡರ ಬಲೆ’ಯನ್ನು ತಂದಿತು, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಬಾಂಡ್ ಚಿತ್ರಗಳ ವೆಚ್ಚದೊಡನೆ ಹೋಲಿಸಿದರೆ ಇವು ಬಡಬಗ್ಗರ ಸಾಹಸಗಳು. ಗುಂಡಿ ಒತ್ತಿದರೆ ತೆರೆಯುವ ಗೋಡೆ, ಮಿಣುಕುವ ಕೆಂಪು ದೀಪಗಳ ಯಂತ್ರ, ಇವನ್ನೆಲ್ಲ ಟೆಂಟಿನ ಜನ ಸಂಭ್ರಮದಿಂದ ನುಂಗಿದರು. ಏಕೆ? ತೆರೆಯ ಮೇಲೆ ಇದ್ದವರು ರಾಜಕುಮಾರರು. 1954ರ ಕಣ್ಣಪ್ಪ, 1967ರ ಇಮ್ಮಡಿ ಪುಲಿಕೇಶಿ, ಇಂಥ ಪಾತ್ರಗಳಲ್ಲಿ ಜನ ಅವರನ್ನು ಆಗಲೇ ನಂಬಿದ್ದರು. ಅಭಿನವಗುಪ್ತ ಹೇಳಿದ ‘ಪ್ರಖ್ಯಾತ ನಾಮಧೇಯ’ದ ಕೆಲಸವನ್ನು ಇಲ್ಲಿ ನಟನ ಹೆಸರೇ ಮಾಡಿತು. ಅಲ್ಲದೆ ಆ ಚಿತ್ರಗಳು ತಮ್ಮ ಸ್ವರೂಪವನ್ನು ಮೊದಲ ರೀಲಿನಲ್ಲಿಯೇ ಹೇಳಿಕೊಂಡಿದ್ದವು. ಇದು ಸಾಹಸದ ಆಟ, ಕಣ್ಣರಳಿಸಿ ನೋಡಿ ಎಂದು. ಒಪ್ಪಂದ ಸ್ಪಷ್ಟವಾಗಿತ್ತು.

ಆದರೆ ಪ್ರಖ್ಯಾತ ನಟನಿಲ್ಲದ, ವೈಭವವೂ ಇಲ್ಲದ ಚಿತ್ರ ಏನು ಮಾಡಬೇಕು? ಎರಡನೆಯ ಪರಿಹಾರ ಅದಕ್ಕೆ ದಕ್ಕುವುದಿಲ್ಲ. ಉಳಿದದ್ದು ಮೊದಲನೆಯದೇ, ಲೋಕಸಾಮಾನ್ಯವಾದ ನಡವಳಿಕೆಯ ಸತ್ಯ. ಶ್ರೀಮಂತ ಚಿತ್ರ ನಂಬಿಕೆಯನ್ನು ಕೊಂಡುಕೊಳ್ಳಬಲ್ಲದು. ಬಡ ಚಿತ್ರ ಅದನ್ನು ಸಂಪಾದಿಸಬೇಕು. ಆದುದರಿಂದ ಹಣ ಕಡಮೆಯಾದಷ್ಟೂ ಮೂರನೆಯ ಬಗೆಯ ದೋಷ, ಎಂದರೆ ನಡತೆಯ ಅಸಂಬದ್ಧತೆ, ಹೆಚ್ಚು ದುಬಾರಿಯಾಗುತ್ತದೆ.

ಇತರ ಪ್ರಕಾರಗಳಿಗಿಂತ ರೋಮಾಂಚಕ ಚಿತ್ರಕ್ಕೆ ಈ ದೋಷ ಮಾರಕವಾಗಲು ಬೇರೊಂದು ಕಾರಣವೂ ಇದೆ. ಪ್ರಣಯಕಥೆಯನ್ನು ನೋಡುವವನು ಭಾವದೊಡನೆ ತೇಲುತ್ತಾನೆ. ಪತ್ತೇದಾರಿ ಕಥೆಯನ್ನು ನೋಡುವವನು ಪತ್ತೇದಾರನೊಡನೆ ತಾನೂ ಯೋಚಿಸುತ್ತಾನೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ನಮ್ಮ ತಲೆಮಾರಿಗೆ ಇದು ಗೊತ್ತು: ಕೊನೆಯ ಪುಟಕ್ಕೆ ಮುಂಚೆ ಕೊಲೆಗಾರನನ್ನು ನಾವೇ ಹಿಡಿಯಬೇಕೆಂಬುದು ಆಟದ ಸವಿ. ಆಟವೆಂದ ಮೇಲೆ ನಿಯಮ ಬೇಕು. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆಗಳನ್ನು ವಿಧಿಸಿದರು. ಗುಪ್ತದ್ವಾರ ಒಂದಕ್ಕಿಂತ ಹೆಚ್ಚು ಇರಕೂಡದು, ಮುನ್ಸೂಚನೆಯಿಲ್ಲದೆ ಅವಳಿ ಸೋದರ ಬರಕೂಡದು, ದೈವಿಕ ಶಕ್ತಿಯಿಂದ ಒಗಟು ಬಿಡಿಸಕೂಡದು, ಇತ್ಯಾದಿ. ಹಾಸ್ಯದಂತೆ ತೋರಿದರೂ ಇದರ ಹಿಂದಿರುವುದು ನ್ಯಾಯದೃಷ್ಟಿ. ಕೊನೆಯ ರೀಲಿನಲ್ಲಿ ಎಲ್ಲಿಂದಲೋ ಅವಳಿ ತಮ್ಮನನ್ನು ತಂದು ನಿಲ್ಲಿಸಿದರೆ, ಎರಡು ಗಂಟೆ ನಾವು ಪಟ್ಟ ಶ್ರಮವನ್ನು ನಿರ್ದೇಶಕ ಅವಮಾನಿಸಿದಂತಾಗುತ್ತದೆ.

ಹಾಗೆಂದು ಪ್ರತಿಯೊಂದು ಗಂಟನ್ನೂ ಬಿಚ್ಚಿ ತೋರಿಸಬೇಕೆಂದು ನನ್ನ ವಾದವಲ್ಲ. ಸಂಭಾವ್ಯತೆಯ ಹೆಸರಿನಲ್ಲಿ ಕೊಂಕು ತೆಗೆಯುವವರನ್ನು ಆಲ್‌ಫ್ರೆಡ್ ಹಿಚ್‌ಕಾಕ್ ಹಾಸ್ಯ ಮಾಡುತ್ತಿದ್ದರು. ಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆರೆದು ನಿಂತಾಗ ಹೊಳೆಯುವ ದೋಷ ಅವರ ದೃಷ್ಟಿಯಲ್ಲಿ ದೋಷವಲ್ಲ. ನೋಡುತ್ತಿರುವಾಗಲೇ ಹೊಳೆದರೆ ಮಾತ್ರ ಅಪಾಯ. ಅವರ 1960ರ ‘ಸೈಕೋ’ ನಮ್ಮ ವಿಷಯಕ್ಕೆ ಬಹಳ ಉಪಯುಕ್ತವಾದ ನಿದರ್ಶನ. ದೂರದರ್ಶನ ಸರಣಿಯ ತಂತ್ರಜ್ಞರನ್ನೇ ಬಳಸಿ, ಕಪ್ಪುಬಿಳುಪಿನಲ್ಲಿ, ಸುಮಾರು 8 ಲಕ್ಷ ಡಾಲರುಗಳಲ್ಲಿ ತೆಗೆದ ಚಿತ್ರವದು. ಹಾಲಿವುಡ್ಡಿನ ಅಳತೆಯಲ್ಲಿ ಮಿತವ್ಯಯ. ಸ್ನಾನದ ಕೋಣೆಯ ಕೊಲೆಯಲ್ಲಿ ಹರಿಯುವ ನೆತ್ತರು ಚಾಕೊಲೇಟಿನ ಪಾಕ. ಆದರೆ ಆ ಸಾವು ನಮ್ಮನ್ನು ನಡುಗಿಸುತ್ತದೆ. ಅದಕ್ಕೆ ಕಾರಣ ಚಾಕುವಲ್ಲ, ಅದಕ್ಕೆ ಸ್ವಲ್ಪ ಮುಂಚಿನ ಒಂದು ಸಣ್ಣ ಲೆಕ್ಕ. 40,000 ಡಾಲರು ಕದ್ದು ಓಡಿಬಂದ ಆ ಹೆಂಗಸು ಹಿಂದಿರುಗಿಸಲು ಮನಸ್ಸು ಮಾಡಿ, ತಾನು ಖರ್ಚುಮಾಡಿದ 700 ಡಾಲರನ್ನು ಕಾಗದದ ಮೇಲೆ ಕಳೆದು ನೋಡುತ್ತಾಳೆ. ಬಳಿಕ ಆ ಕಾಗದವನ್ನು ಹರಿದುಹಾಕುತ್ತಾಳೆ. ತಪ್ಪು ಮಾಡಿ ಪಶ್ಚಾತ್ತಾಪಪಟ್ಟು ಹಣ ಎಣಿಸುವ ಜೀವವನ್ನು ನಾವು ಬಲ್ಲೆವು. ಆ ವ್ಯವಕಲನ ಅವಳನ್ನು ಮನುಷ್ಯಳನ್ನಾಗಿ ಮಾಡಿತು. ಮನುಷ್ಯಳಾದುದರಿಂದ ಅವಳ ಸಾವು ಸಾವಾಯಿತು. ಆ ಕಾಗದಕ್ಕೆ ಏನು ವೆಚ್ಚ ತಗುಲಿದ್ದೀತು?

ಕನ್ನಡದಲ್ಲಿಯೂ ಈ ಮರ್ಮವನ್ನು ತಿಳಿದವರಿದ್ದಾರೆ. 1978ರ ಕಾಶೀನಾಥರ ‘ಅಪರಿಚಿತ’ ವೈಭವವನ್ನು ನಂಬಲಿಲ್ಲ, ವಾತಾವರಣವನ್ನು ನಂಬಿತು. ಸುನೀಲ್‌ಕುಮಾರ್ ದೇಸಾಯಿಯವರ ‘ತರ್ಕ’ 1989ರಲ್ಲಿ, ಹಾಡುಗಳಿಲ್ಲದೆ ಕನ್ನಡ ಚಿತ್ರವೇ ಇಲ್ಲವೆಂಬ ಕಾಲದಲ್ಲಿ, ಹಾಡಿಲ್ಲದೆ ಬೆರಳೆಣಿಕೆಯ ಪಾತ್ರಗಳೊಡನೆ ಬಂದು ಗೆದ್ದಿತು. ಅದರ ಹೆಸರೇ ಅದರ ಬಂಡವಾಳ. ಅವರೇ 1993ರಲ್ಲಿ ‘ನಿಷ್ಕರ್ಷ’ದ ಕಥೆಯನ್ನು ಬೆಂಗಳೂರಿನ ಒಂದೇ ಬಹುಮಹಡಿ ಕಟ್ಟಡದೊಳಗೆ ಕೂಡಿಹಾಕಿದರು. ಜಾಗ ಒಂದೇ ಆದುದರಿಂದ ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆಂಬುದು ಪ್ರೇಕ್ಷಕನಿಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಪ್ರತಿಯೊಂದು ಬಾಗಿಲೂ ಭಯಹುಟ್ಟಿಸುತ್ತದೆ. 2016ರ ಪವನ್ ಕುಮಾರರ ‘ಯೂ ಟರ್ನ್’ನಲ್ಲಿ ಅಲೌಕಿಕದ ಅಂಶವೇ ಇದೆ. ಆದರೆ ಕಥೆ ನಿಂತಿರುವುದು ಬೆಂಗಳೂರಿಗರು ದಿನವೂ ಕಾಣುವ ಒಂದು ಸಣ್ಣ ಅಪರಾಧದ ಮೇಲೆ: ಮೇಲ್ಸೇತುವೆಯ ನಡುವಣ ಕಲ್ಲುಗಳನ್ನು ಸರಿಸಿ ಬೈಕು ತಿರುಗಿಸಿಕೊಂಡು ಹೋಗುವುದು. ಆ ಕಲ್ಲುಗಳು ನಿಜವಾದುದರಿಂದ ಉಳಿದುದನ್ನೂ ನಾವು ನಂಬುತ್ತೇವೆ. ತಲಕಾಡಿನ ಮರಳು ಮಾಡುವ ಕೆಲಸವನ್ನೇ ಆ ಕಲ್ಲುಗಳು ಮಾಡಿವೆ.

ಇದು ಬರಿಯ ಶಾಸ್ತ್ರಚರ್ಚೆಯಲ್ಲವೆಂದು ನನಗೆ ಮನವರಿಕೆಯಾದುದು ಕೆಲವು ವರ್ಷಗಳ ಹಿಂದೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾನು ಬರೆದ ಚಿತ್ರಕಥೆಯನ್ನು ಹಿಡಿದು ಬಂದಾಗ. ತಂದೆಯ ಕಬ್ಬಿನ ಹಣ, ಸ್ನೇಹಿತರ ಸಾಲ, ಅಷ್ಟೇ ಅವನ ಆಧಾರ. “ಸಾರ್, ನಮ್ಮ ಹತ್ತಿರ ದುಡ್ಡಿಲ್ಲ. ಜನ ನಂಬುತ್ತಾರಾ?” ಎಂದು ಕೇಳಿದ. ಅವನ ಕಥೆಯಲ್ಲಿ ಹೆಂಗಸೊಬ್ಬಳು ಮನೆಯಲ್ಲಿ ಒಂಟಿಯಾಗಿದ್ದಾಳೆ, ಕೊಲೆಗಾರ ಒಳನುಗ್ಗುತ್ತಾನೆ, ಅವಳು ಎಷ್ಟು ಕೂಗಿದರೂ ಯಾರೂ ಬರುವುದಿಲ್ಲ. ಸ್ಥಳ ನಂಜನಗೂಡಿನ ಹಳೆಯ ಬೀದಿ. ನಾನು ಹೇಳಿದೆ: “ಅಲ್ಲಪ್ಪ, ಆ ಬೀದಿಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಒಬ್ಬರು ಕೆಮ್ಮಿದರೆ ಪಕ್ಕದ ಮನೆಯವರು ಕಷಾಯ ಮಾಡಿಕೊಂಡು ಬರುತ್ತಾರೆ. ಅವರೆಲ್ಲ ಆ ಹೊತ್ತು ಎಲ್ಲಿಗೆ ಹೋಗಿದ್ದರು?” ಅವನು ಬಹಳ ಹೊತ್ತು ಸುಮ್ಮನಿದ್ದು, “ದೊಡ್ಡ ಜಾತ್ರೆಗೆ ಹೋಗಿದ್ದರು ಸಾರ್” ಎಂದ.

ಆ ಉತ್ತರದಲ್ಲಿ ಎಷ್ಟು ಬೆಲೆಯಿದೆಯೆಂಬುದನ್ನು ಗಮನಿಸಬೇಕು. ಫಾಲ್ಗುಣದ ಪಂಚ ಮಹಾರಥೋತ್ಸವದ ಬೆಳಗಿನ ಜಾವ ಊರೆಲ್ಲ ಶ್ರೀಕಂಠೇಶ್ವರನ ರಥಬೀದಿಯಲ್ಲಿರುತ್ತದೆ. ಉಳಿದ ಬೀದಿಗಳು ಬರಿದಾಗಿರುತ್ತವೆ. ಸಾವಿರಾರು ಕಂಠಗಳ ಜಯಕಾರದಲ್ಲಿ ಒಂದು ಕೂಗು ಯಾರಿಗೂ ಕೇಳಿಸದು. ಕಥೆಯಲ್ಲಿ ರಂಧ್ರವಾಗಿದ್ದ ಅಂಶವೇ ಈಗ ಕಥೆಯ ಶಕ್ತಿಯಾಯಿತು. ಸಾವಿರಾರು ಜನರ ಹರ್ಷದ ಪಕ್ಕದಲ್ಲಿ ಒಂದು ಜೀವದ ಒಂಟಿತನವೆಂಬ ಅರ್ಥವೂ ಕೂಡಿತು. ಖರ್ಚು ಒಂದು ಕಾಸೂ ಹೆಚ್ಚಲಿಲ್ಲ. ಅವನ ಕಥೆಯಲ್ಲಿ ಕೊಲೆಗಾರ ಮಳೆಗಾಲದ ರಾತ್ರಿ ಕಾರಿನಲ್ಲಿ ಮೈಸೂರಿಗೆ ಪರಾರಿಯಾಗುವ ಇನ್ನೊಂದು ದೃಶ್ಯವಿತ್ತು. 2018ರಲ್ಲಿಯೂ 2019ರಲ್ಲಿಯೂ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ಮಲ್ಲನಮೂಲೆಯ ಬಳಿ ಆ ಹೆದ್ದಾರಿ ಮುಳುಗಿ ಸಂಚಾರ ನಿಂತದ್ದು ಇಲ್ಲಿನ ಮಕ್ಕಳಿಗೂ ಗೊತ್ತು. ಬರೆಯುವವನು ಅದನ್ನು ಮರೆತರೆ ಊರಿನವರು ನಗುತ್ತಾರೆ. ನೆನಪಿಟ್ಟುಕೊಂಡರೆ, ಮುಂದೆ ಹೊಳೆ, ಹಿಂದೆ ಪೊಲೀಸು ಎಂಬ ಸನ್ನಿವೇಶ ತಾನಾಗಿಯೇ ಒದಗುತ್ತದೆ.

ಇಂದಿನ ಪ್ರೇಕ್ಷಕನ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಟೆಂಟಿನಲ್ಲಿ ಓಡುವ ಚಿತ್ರವನ್ನು ತಡೆಯುವ ಶಕ್ತಿ ಯಾರಿಗೂ ಇರಲಿಲ್ಲ. ದೋಷ ಹೊಳೆಯುವಷ್ಟರಲ್ಲಿ ಮುಂದಿನ ದೃಶ್ಯ ಬಂದಿರುತ್ತಿತ್ತು. ಈಗ ಚಿತ್ರ ಕೈಯಲ್ಲಿರುವ ಫೋನಿನಲ್ಲಿದೆ. ಬೆರಳಿನಿಂದ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಪಿಸ್ತೂಲು ಯಾವ ಕೈಯಲ್ಲಿತ್ತೆಂದು ನೋಡಬಹುದು. ಹಿಚ್‌ಕಾಕ್ ನಂಬಿದ್ದ ಫ್ರಿಜ್ಜಿನ ಬಾಗಿಲು ಈಗ ಚಿತ್ರಮಂದಿರದೊಳಗೇ ಬಂದು ನಿಂತಂತಾಗಿದೆ. ಇದರಿಂದ ಬಡ ನಿರ್ಮಾಪಕರು ಎದೆಗುಂದಬೇಕಾಗಿಲ್ಲ. ಕ್ಯಾಮರಾ ಅಗ್ಗವಾಗಿದೆ, ಕಚ್ಚಾ ಫಿಲ್ಮಿನ ವೆಚ್ಚವಿಲ್ಲ. ಯೋಚನೆಯ ವೆಚ್ಚ ಮಾತ್ರ ಹಿಂದಿನಷ್ಟೇ ಇದೆ.

ಕೊನೆಯದಾಗಿ ಒಂದು ಮಾತು. ಅಗ್ಗದ ಚಿತ್ರಗಳ ಅಸಂಬದ್ಧತೆಯನ್ನು ಸಮರ್ಥಿಸುವವರು ಸಾಮಾನ್ಯವಾಗಿ ಆಡುವ ಮಾತು, “ಸಣ್ಣ ಊರಿನ ಜನರಿಗೆ ಇಷ್ಟು ಸಾಕು” ಎಂದು. ದಿನದ ಕೂಲಿಯಲ್ಲಿ ಒಂದು ಭಾಗವನ್ನು ಟಿಕೆಟ್ಟಿಗೆ ಕೊಟ್ಟು ನೆಲದ ಮೇಲೆ ಕುಳಿತವನನ್ನು ಕುರಿತು ಹೇಳುವ ಈ ಮಾತಿಗಿಂತ ದೊಡ್ಡ ಅವಾಸ್ತವಿಕತೆ ಬೇರೊಂದಿಲ್ಲ. ಅವನು ರಟ್ಟಿನ ಗೋಡೆಯನ್ನು ಒಪ್ಪುವುದು ತಿಳಿಯದೆ ಅಲ್ಲ, ಔದಾರ್ಯದಿಂದ. ಕಥೆಯಲ್ಲಿ ಒಂದು ಜೀವ ಸತ್ತಾಗ ಅದಕ್ಕಾಗಿ ಮರುಗಲು ಅವನು ಸಿದ್ಧನಾಗಿಯೇ ಬಂದಿರುತ್ತಾನೆ. ಆ ಮರುಕಕ್ಕೆ ಯೋಗ್ಯವಾದ ಮನುಷ್ಯರನ್ನು ತೆರೆಯ ಮೇಲೆ ತಂದು ನಿಲ್ಲಿಸಿದರೆ ಗೋಡೆ ಯಾವುದರಿಂದ ಮಾಡಿದ್ದೆಂದು ಅವನು ಕೇಳುವುದಿಲ್ಲ.